ಟೇಕಲ್–ಮಾಲೂರು ಕಡೆಯ ಮೆಮುಗೆ ಇನ್ನೆರಡು ಬೋಗಿ ಸೇರಿಸಲು ಯಾಕೆ ಆಗುವುದಿಲ್ಲ?

ಟೇಕಲ್ ಪ್ರಯಾಣಿಕೆ:
ನಾನು ಟೇಕಲ್‌ನಲ್ಲಿ ಹತ್ತಿ ಕೆ.ಆರ್. ಪುರದಲ್ಲಿ ಇಳಿದು ಮೆಟ್ರೋ ಹಿಡಿಯುತ್ತೇನೆ. 2023ರಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮೆಟ್ರೋ ಕೊಂಡಿ ಕೂಡಿದ ಮೇಲೆ ನನ್ನ ಹಾಗೆ ಬರುವವರು ತುಂಬಾ ಜನ. ಬೆಳಗಿನ ಮೆಮು, ಅಂದರೆ ಎಲ್ಲ ಕಡೆ ನಿಲ್ಲುವ ಕರೆಂಟಿನ ಲೋಕಲ್ ಗಾಡಿ, ಬಂಗಾರಪೇಟೆಯಿಂದಲೇ ತುಂಬಿ ಬರುತ್ತದೆ. ಮಾಲೂರಿನಲ್ಲಿ ಹತ್ತುವವರಿಗೆ ಕಾಲಿಡಲೂ ಜಾಗ ಇರುವುದಿಲ್ಲ. ಊಟದ ಚೀಲಗಳನ್ನೆಲ್ಲ ಕಿಟಕಿ ಸರಳಿಗೆ ನೇತುಹಾಕಿರುತ್ತೇವೆ. ಎಂಟು ಬೋಗಿ ಇದೆ, ಇನ್ನೆರಡು ಸೇರಿಸಿ ಎಂದು ಸಂಸದರಿಗೆ ಮನವಿ ಕೊಡೋಣ ಅಂತ ಮಾತಾಡಿಕೊಂಡಿದ್ದೇವೆ. ಬರೆಯುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು.

ನಿವೃತ್ತ ಸ್ಟೇಷನ್ ಮಾಸ್ಟರ್:
ಕೇಳಿದ್ದು ಒಳ್ಳೇದಾಯ್ತಮ್ಮ. ಎರಡು ಬೋಗಿ ಅಂತ ಬರೆಯಬೇಡಿ. ಹಳೆ ಮಾದರಿಯ ಮೆಮುವಿನಲ್ಲಿ ಎಳೆಯುವ ಮೋಟಾರ್ ಬೋಗಿ ಒಂದು, ಮೋಟಾರ್ ಇಲ್ಲದ ಟ್ರೈಲರ್ ಬೋಗಿ ಮೂರು ಸೇರಿ ಒಂದು ಯೂನಿಟ್. ಎಂಟು ಬೋಗಿ ಅಂದರೆ ಎರಡು ಯೂನಿಟ್. ಬರೀ ಟ್ರೈಲರ್ ಸಿಕ್ಕಿಸಿದರೆ ಭಾರ ಹೆಚ್ಚುತ್ತದೆ, ಎಳೆಯುವ ಶಕ್ತಿ ಅಷ್ಟೇ ಇರುತ್ತದೆ. ಎಲ್ಲ ಸ್ಟೇಷನ್‌ನಲ್ಲೂ ನಿಂತು ಹೊರಡುವ ಗಾಡಿಗೆ ಪಿಕಪ್ಪೇ ಮುಖ್ಯ. ಹಾಗಾಗಿ 12 ಕೇಳಿ, ಇಲ್ಲವೇ 16 ಕೇಳಿ.

ಆದರೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಹಳಿ. ವೈಟ್‌ಫೀಲ್ಡ್ ದಾಟಿದ ಮೇಲೆ ಇರುವುದು ಎರಡೇ ಹಳಿ. ಅದರಲ್ಲೇ ಚೆನ್ನೈ ಕಡೆಯ ಎಕ್ಸ್‌ಪ್ರೆಸ್‌ಗಳು, ಗೂಡ್ಸ್, ದೇವನಗೊಂದಿ ಡಿಪೋಗಳ ಪೆಟ್ರೋಲ್ ಟ್ಯಾಂಕರ್ ಗಾಡಿ, ನಿಮ್ಮ ಮೆಮು. ಹಿಂದಿನಿಂದ ಎಕ್ಸ್‌ಪ್ರೆಸ್ ಬಂತು ಅಂದರೆ ಮೆಮುವನ್ನು ಲೂಪಿಗೆ, ಅಂದರೆ ಸ್ಟೇಷನ್‌ನ ಪಕ್ಕದ ಹಳಿಗೆ ಹಾಕಿ ದಾರಿ ಬಿಡಲೇಬೇಕು. ನಾಲ್ಕೈದು ನಿಮಿಷಕ್ಕೆ ಮುಗಿಯುವುದಿಲ್ಲ ಅದು. ಒಂದು ಸಲಕ್ಕೆ ಒಂದೇ ಗಾಡಿ ಬಿಡುವ ಹಳಿಯ ಭಾಗಕ್ಕೆ ಬ್ಲಾಕ್ ಅನ್ನುತ್ತೇವೆ; ಮುಂದೆ ಹೋದ ಗಾಡಿ ಅದನ್ನು ಬಿಡುವ ತನಕ ಕಾಯಬೇಕು. ಹೊಸ ಗಾಡಿ ಕೊಟ್ಟರೂ ಅದೇ ಲೂಪಿನಲ್ಲಿ ನಿಲ್ಲುತ್ತದೆ, ಅಲ್ವಾ?

ಬೋಗಿ ಕೇಳಲು ನೂರು ಜನ ಬರುತ್ತಾರೆ. ಲೂಪ್ ಉದ್ದ ಮಾಡಿ, ಗಾಡಿಗಳನ್ನು ಹತ್ತಿರ ಹತ್ತಿರ ಬಿಡಲು ಆಟೊಮ್ಯಾಟಿಕ್ ಸಿಗ್ನಲ್ ಹಾಕಿ, ರಾತ್ರಿ ಗಾಡಿ ನಿಲ್ಲಿಸಲು ಜಾಗ ಮಾಡಿ ಅಂತ ಕೇಳುವವರನ್ನು ನಾನು ಸರ್ವಿಸಿನಲ್ಲಿ ಕಾಣಲಿಲ್ಲ. ನೀವಾದರೂ ಕೇಳಿ.

ಹೂಡಿ ನಿವಾಸಿ:
ಉಪನಗರ ರೈಲು ಬರುತ್ತಿದೆಯಲ್ಲ ಸಾರ್. ಅಲ್ಲಿಯವರೆಗೆ ಕಾಯುವುದು ಒಳ್ಳೇದಲ್ವಾ?

ನಿವೃತ್ತ ಸ್ಟೇಷನ್ ಮಾಸ್ಟರ್:
ಹೂಡಿಗೆ ಸರಿ, ಟೇಕಲ್‌ಗೆ ಅಲ್ಲ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ನಾಲ್ಕು ಮಾರ್ಗ, ಒಟ್ಟು ಸುಮಾರು 148 ಕಿ.ಮೀ. ಈ ಕಡೆಯ ಪಾರಿಜಾತ ಮಾರ್ಗ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಮುಗಿಯುತ್ತದೆ. ಕೆಲಸ ಮೊದಲು ಹಿಡಿದದ್ದು ಮಲ್ಲಿಗೆ, ಕನಕ ಮಾರ್ಗಗಳಲ್ಲಿ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಾಲ್ಕು ಹಳಿಯದು ಬೇರೆ ಕಾಮಗಾರಿ. ಅದೂ ವೈಟ್‌ಫೀಲ್ಡ್ ತನಕವೇ. ಮಾಲೂರು, ಟೇಕಲ್, ಬಂಗಾರಪೇಟೆಯವರಿಗೆ ಮೆಮುವೇ ಗತಿ.

ಸನಿವೇಲ್ ಕನ್ನಡಿಗ:
ಸ್ಟೇಷನ್ ಮಾಸ್ಟರ್ ಮಾತಿಗೆ ಇಲ್ಲಿ ಅಮೆರಿಕದಿಂದ ಒಂದು ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋ–ಸ್ಯಾನ್ ಹೊಸೆ ಮಧ್ಯೆ ಓಡುವ ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರ್‌ನಲ್ಲಿ ಡೀಸೆಲ್ ಬಿಟ್ಟು ಕರೆಂಟಿಗೆ ಬಂತು. ಏಳು ಬೋಗಿಯ ಡಬಲ್ ಡೆಕ್ಕರ್ ಗಾಡಿಗಳು. ಎಲ್ಲ ಕಡೆ ನಿಲ್ಲುವ ಗಾಡಿ ಮೊದಲು ನೂರು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಿತ್ತು. ಈಗ ಸುಮಾರು 75. ಟಾಪ್ ಸ್ಪೀಡ್ ಏರಿದ್ದರಿಂದ ಅಲ್ಲ, ನಿಂತಲ್ಲಿಂದ ಬೇಗ ವೇಗ ಹಿಡಿಯುವುದರಿಂದ. ವಾರಾಂತ್ಯದಲ್ಲಿ ಗಂಟೆಗೊಂದು ಇದ್ದದ್ದು ಅರ್ಧ ಗಂಟೆಗೊಂದು ಆಯಿತು.

ಆದರೆ ಅದಕ್ಕೂ ಎಷ್ಟೋ ಮೊದಲು, 2002ರಿಂದ 2004ರ ತನಕ, ವಾರಾಂತ್ಯದ ರೈಲನ್ನೇ ನಿಲ್ಲಿಸಿ ಓವರ್‌ಟೇಕ್ ಮಾಡುವ ಹಳಿ ಹಾಕಿದ್ದರು. ಆಮೇಲೆಯೇ 'ಬೇಬಿ ಬುಲೆಟ್' ಎಂಬ ವೇಗದ ಗಾಡಿ ಬಂದದ್ದು. ನಮ್ಮ ಊರಲ್ಲಿ ಹಾಗೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಕೂಲಿಗೆ ಹೋಗುವವರು ಎರಡು ವರ್ಷ ಏನು ಮಾಡಬೇಕು? ಕೆಲಸದ ಕ್ರಮ ಮಾತ್ರ ಗಮನಿಸಿ: ಮೊದಲು ಹಳಿ, ಆಮೇಲೆ ಗಾಡಿ.

ಟೇಕಲ್ ಪ್ರಯಾಣಿಕೆ:
ತುಂಬಾ ಉಪಕಾರ. ಮನವಿಯಲ್ಲಿ ಲೂಪ್, ಸಿಗ್ನಲ್ ಮೊದಲು ಬರೆದು ಆಮೇಲೆ 12 ಬೋಗಿ ಕೇಳುತ್ತೇವೆ. ಸಾರ್, 12 ಬಂದರೆ ಚಿಕ್ಕ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರ್ಮ್ ಸಾಕಾಗುತ್ತದಾ? ನಮ್ಮ ಜೊತೆ ಬರುವ ಅಜ್ಜಿಯರು ಜಲ್ಲಿಕಲ್ಲಿನ ಮೇಲೆ ಇಳಿಯುವ ಹಾಗೆ ಆಗಬಾರದು.

ನಿವೃತ್ತ ಸ್ಟೇಷನ್ ಮಾಸ್ಟರ್:
ಒಂದು ಬೋಗಿಗೆ ಸುಮಾರು 21 ಮೀಟರ್ ಹಿಡಿಯಿರಿ. ಹನ್ನೆರಡಕ್ಕೆ 250 ಮೀಟರ್ ಮೇಲೆ ಬೇಕು. ಒಂದೊಂದು ಸ್ಟೇಷನ್‌ನಲ್ಲಿ ಎರಡೂ ಕಡೆಯ ಪ್ಲಾಟ್‌ಫಾರ್ಮ್ ಉದ್ದ ಎಷ್ಟಿದೆ ಅಂತ ಕೇಳಿ ತಿಳಿದು ಮನವಿಗೆ ಸೇರಿಸಿ. ಎತ್ತರವನ್ನೂ ಕೇಳಿ, ಅಜ್ಜಿಯರಿಗೆ ಅದೂ ಮುಖ್ಯ. ಕರಡು ಬರೆದ ಮೇಲೆ ಇಲ್ಲಿ ಹಾಕಿ, ನೋಡಿ ತಿದ್ದಿಕೊಡುತ್ತೇನೆ.