ಹಾರ್ಡ್‌ಹೆಡ್ ಆಟಿಕೆ: ತಲೆ ಸಿಕ್ಕಿಸಿದರೂ ಎದೆಯ ಮೀಟರ್ ಪೂರ್ತಿ ತಿರುಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1987ರ ಟ್ರಾನ್ಸ್‌ಫಾರ್ಮರ್ಸ್ ಹೆಡ್‌ಮಾಸ್ಟರ್ ಸಾಲಿನ ಹಾರ್ಡ್‌ಹೆಡ್ ಇದೆ. ರೋಬೋಟ್ ಆಟಿಕೆ, ಮಡಚಿದರೆ ಹಸಿರು ಯುದ್ಧ ಟ್ಯಾಂಕ್ ಆಗುತ್ತದೆ. ಅಮೆರಿಕದಲ್ಲಿದ್ದ ಸೋದರಮಾವ ತಂದುಕೊಟ್ಟದ್ದು. ಇದರ ತಲೆಯೇ ಡ್ಯೂರೋಸ್, ಕಥೆಯಲ್ಲಿ ನೆಬ್ಯುಲೋಸ್ ಅನ್ನೋ ಗ್ರಹದವನು. ಬಿಡಿಸಿದರೆ ಹೆಬ್ಬೆರಳುದ್ದದ ಆಳು, ಮಡಚಿದರೆ ರೋಬೋಟಿನ ತಲೆ. ಅವನನ್ನು ಕುತ್ತಿಗೆಗೆ ಒತ್ತಿದರೆ ಎದೆಯ ಮುಚ್ಚಳದ ಹಿಂದೆ ಶಕ್ತಿ, ವೇಗ, ಬುದ್ಧಿ ತೋರಿಸುವ ಮೂರು ಮೀಟರ್ ತಿರುಗಬೇಕು. ಈಗ ಎರಡು ಸರಿಯಾಗಿ ತಿರುಗುತ್ತವೆ, ಒಂದು ಅರ್ಧಕ್ಕೇ ನಿಲ್ಲುತ್ತದೆ. ಬಿಚ್ಚೋಕೆ ಭಯ. ಏನು ಮಾಡಲಿ?

ಉತ್ತರ

ಬಿಚ್ಚಬೇಡಿ ಸರ್. ಸುಮಾರು ನಲವತ್ತು ವರ್ಷದ ಪ್ಲಾಸ್ಟಿಕ್. ಸ್ಕ್ರೂ ಕೂರುವ ಜಾಗ ಸೀಳಿದರೆ ಮತ್ತೆ ಕೂಡಿಸೋದು ಕಷ್ಟ. ಮೊದಲು ತೊಂದರೆ ತಲೆಯದೋ ಕುತ್ತಿಗೆಯದೋ ನೋಡೋಣ. ಅದೇ ಸಾಲಿನ ಬೇರೆ ತಲೆ ಇದ್ದರೆ ಸಿಕ್ಕಿಸಿ. ತಲೆಗಳು ಅದಲುಬದಲಾಗಿ ಕೂರುತ್ತವೆ, ಈ ಆಟಿಕೆಯಲ್ಲಿ ನನಗೆ ತುಂಬಾ ಇಷ್ಟವಾದದ್ದೇ ಅದು.

ಪ್ರಶ್ನೆ ಕೇಳಿದವರು

ತಮ್ಮನ ಹತ್ತಿರ ಅದೇ ಸಾಲಿನ ಇನ್ನೊಂದು ಆಟಿಕೆ ವಿಯರ್ಡ್‌ವುಲ್ಫ್ ಇದೆ. ಅದರ ತಲೆ ಮೊನ್ಜೋನನ್ನು ಹಾಕಿದೆ. ಅದೇ ಜಾಗದಲ್ಲಿ ಅದೇ ತೊಂದರೆ. ಇನ್ನೊಂದು ವಿಷಯ, ಹಿಂದೊಮ್ಮೆ ಬಿಗಿಯಾಗಿದೆ ಅಂತ ಕುತ್ತಿಗೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಚಳಿಗಾಲದಲ್ಲಿ ತೊಂದರೆ ಜಾಸ್ತಿ.

ಉತ್ತರ

ಬೇರೆ ತಲೆಗೂ ಹಾಗೇ ಆದರೆ ತೊಂದರೆ ಕುತ್ತಿಗೆಯದು, ಎಣ್ಣೆಯದೇ ಕೆಲಸ ಇರಬೇಕು. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಎಣ್ಣೆ ಬಾಟಲಿ ನೋಡಿರುತ್ತೀರಿ, ಅಲ್ವಾ? ಅದೇ ಎಣ್ಣೆಗೆ ಒಳಗೆ ಧೂಳೂ ಸೇರಿ ಅಂಟಾಗಿದೆ.

ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ, ಚೆನ್ನಾಗಿ ಹಿಂಡಿ, ಕುತ್ತಿಗೆಯ ತೂತಿನೊಳಗೆ ಆಡಿಸಿ. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಬದಲಾಯಿಸಿ. ನಡುನಡುವೆ ತಲೆ ಹಾಕಿ, ತೆಗೆದು ಮಾಡಿ. ಆಟಿಕೆಯನ್ನು ನೀರಿಗೆ ಮುಳುಗಿಸಬೇಡಿ, ಸ್ಕ್ರೂ ತುಕ್ಕು ಹಿಡಿಯುತ್ತದೆ, ಸ್ಟಿಕ್ಕರ್ ಏಳುತ್ತದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ. ರಿಮೂವರಿನಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕೊನೆಗೆ ಬರೀ ನೀರಿನ ಕಡ್ಡಿಯಲ್ಲಿ ಒರೆಸಿ, ಎರಡು ದಿನ ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಹೇರ್ ಡ್ರೈಯರ್ ಹಿಡಿಯಬೇಡಿ.

ಆಮೇಲೂ ಬಿಗಿ ಅನ್ನಿಸಿದರೆ ಸಿಲಿಕೋನ್ ಎಣ್ಣೆ, ಅದೂ ಸೂಜಿಮೊನೆಯಷ್ಟು.

ಪ್ರಶ್ನೆ ಕೇಳಿದವರು

ಒಂಬತ್ತು ಕಡ್ಡಿ ಬೇಕಾಯಿತು! ಮೊದಲ ಮೂರು ಮೇಣದ ಹಾಗೆ ಅಂಟಿಸಿಕೊಂಡು ಬಂದವು. ಎರಡು ದಿನ ಕಾದು ಇವತ್ತು ಬೆಳಿಗ್ಗೆ ಡ್ಯೂರೋಸ್‌ನನ್ನು ಒತ್ತಿದೆ. ಟಕ್ ಅಂತ ಕೂತ, ಮೂರೂ ತಿರುಗಿದವು. ಮೊನ್ಜೋನನ್ನು ಹಾಕಿದರೆ ಬೇರೆ ಅಂಕಿ ಬರುತ್ತದೆ. ಮಗಳು ಹತ್ತು ಸಲ ಹಾಕಿಸಿ ನೋಡಿದಳು. ತುಂಬಾ ಥ್ಯಾಂಕ್ಸ್ ಸರ್. ಡ್ಯೂರೋಸ್‌ನ ಮಂಡಿ ಮಾತ್ರ ಸಡಿಲ, ನಿಲ್ಲಿಸಿದರೆ ಕುಸಿಯುತ್ತಾನೆ.

ಉತ್ತರ

ಸೂಪರ್ ಗ್ಲೂ ಮುಟ್ಟಬೇಡಿ. ಮಂಡಿ ಅಂಟಿಕೊಂಡರೆ ಅವನು ಮತ್ತೆ ತಲೆಯಾಗುವುದಿಲ್ಲ. ಕ್ರಾಫ್ಟ್ ಅಂಗಡಿಯಲ್ಲಿ ನೀರಿನಲ್ಲಿ ಬೆರೆಯುವ ಬಣ್ಣವಿಲ್ಲದ ಅಕ್ರಿಲಿಕ್ ವಾರ್ನಿಷ್ ಸಿಗುತ್ತದೆ. ಮಂಡಿಯ ಸಂದಿಗೆ ಸೂಜಿಯಿಂದ ಒಂದು ಹನಿ ಬಿಡಿ. ಒಣಗುವವರೆಗೆ ಕಾಲನ್ನು ಮಡಚಿ ಬಿಡಿಸುತ್ತಲೇ ಇರಿ. ಒಂದು ದಿನ ಬಿಟ್ಟು ನಿಲ್ಲಿಸಿ ನೋಡಿ. ಸಾಲದಿದ್ದರೆ ಇನ್ನೊಂದು ಹನಿ.