ಎಳೆ ಸಸಿಯನ್ನು ಕಾಯುವ ಗಿಡಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ವಿಜಯಪುರದಿಂದ ಬರೆಯುತ್ತಿದ್ದೇನೆ. ನನಗೊಂದು ಪದ ಬೇಕಾಗಿದೆ.

ಹೈಸ್ಕೂಲ್ ಮಕ್ಕಳಿಗಾಗಿ ಅಮೆರಿಕದ ಸೊನೋರಾ ಮರುಭೂಮಿಯ ಬಗ್ಗೆ ಪಾಠ ಬರೆಯುತ್ತಿದ್ದೇನೆ. ಅಲ್ಲಿನ ಸವಾರೊ ಕಳ್ಳಿ ಕಂಬದ ಹಾಗೆ 40 ಅಡಿ ಬೆಳೆಯುತ್ತದೆ, 150 ವರ್ಷ ಬದುಕುತ್ತದೆ. ಅದಕ್ಕೆ ಕಂಬಗಳ್ಳಿ ಅಂತ ಬರೆದುಕೊಂಡಿದ್ದೇನೆ. (ಕಳ್ಳಿ ಅಂದಕೂಡಲೇ ಮಕ್ಕಳಿಗೆ ಬದುವಿನ ಮೇಲಿನ ಹಾಲುಗಳ್ಳಿ ನೆನಪಾಗುತ್ತದೆ. ಅದು ಬೇರೆ ಕುಲ. ನಮ್ಮಲ್ಲಿ ಸವಾರೊಗೆ ನೆಂಟ ಅಂದರೆ ಡಬ್ಬಗಳ್ಳಿ, ಮುರಿದರೆ ಹಾಲು ಬರಲ್ಲ ನೋಡಿ.) ರಾತ್ರಿ ಅದರ ಹೂವಿಗೆ ಬಾವಲಿ ಬರುತ್ತದೆ, ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಪುಟ್ಟ ಗೂಬೆ ಸಂಸಾರ ಹೂಡುತ್ತದೆ. ಇದಕ್ಕೆಲ್ಲ ಕನ್ನಡದಲ್ಲಿ ಪದ ಹುಡುಕಬೇಕಾಗಲಿಲ್ಲ.

ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಈ ಕಳ್ಳಿ ಮೊದಲ ಎಂಟು ವರ್ಷದಲ್ಲಿ ಒಂದೂವರೆ ಇಂಚು ಬೆಳೆದರೆ ಹೆಚ್ಚು. ಬಟ್ಟಬಯಲಲ್ಲಿ ಮೊಳೆತದ್ದು ಬಿಸಿಲಿಗೆ ಸುಟ್ಟುಹೋಗುತ್ತದೆ, ಇಲ್ಲ ಇಲಿ ಮೊಲದ ಬಾಯಿಗೆ ಬೀಳುತ್ತದೆ. ಹಣ್ಣು ತಿಂದ ಹಕ್ಕಿ ಪಾಲೊವೆರ್ಡೆ ಅನ್ನುವ ಮುಳ್ಳಿನ ಮರದ ಮೇಲೆ ಕೂತು ಹಿಕ್ಕೆ ಹಾಕಿದಾಗ ಆ ಬುಡದಲ್ಲಿ ಬಿದ್ದ ಬೀಜ ಮೊಳೆತರೆ, ಅದಕ್ಕೆ ಬೇಸಿಗೆಯಲ್ಲಿ ನೆರಳೂ ಸಿಗುತ್ತದೆ, ಚಳಿಗಾಲದ ಹಿಮದಿಂದ ಮರೆಯೂ ಸಿಗುತ್ತದೆ. ಹೀಗೆ ಕಾಯುವ ಮರವನ್ನು ಇಂಗ್ಲಿಷಿನಲ್ಲಿ ನರ್ಸ್ ಪ್ಲಾಂಟ್ ಅನ್ನುತ್ತಾರೆ.

ಮೊದಲು 'ದಾದಿ ಗಿಡ' ಅಂತ ಬರೆದೆ. ಓದಿದ ಹುಡುಗಿಯೊಬ್ಬಳು, ಅದು ಔಷಧಿ ಗಿಡವಾ ಅಂತ ಕೇಳಿದಳು. ಹೊಡೆದುಹಾಕಿದೆ. 'ಆಸರೆ ಗಿಡ' ಚೆನ್ನಾಗಿದೆ, ಆದರೆ ಎಲೆಬಳ್ಳಿ ತೋಟದಲ್ಲಿ ಬಳ್ಳಿ ಹಬ್ಬಿಸುವ ನುಗ್ಗೆ, ಅಗಸೆಗೆ ಆ ಮಾತು ಹೆಚ್ಚು ಒಪ್ಪುತ್ತದೆ. ಸ್ನೇಹಿತರೊಬ್ಬರು ಇದು ಬಂದಳಿಕೆಯ ಹಾಗೇ ಅಲ್ವಾ ಅಂದರು. ಅಲ್ಲ. ಬಂದಳಿಕೆ ಇನ್ನೊಂದರ ಕೊಂಬೆಗೇ ಬೇರು ಇಳಿಸಿ ರಸ ಹೀರುತ್ತದೆ, ಇಲ್ಲಿ ಎರಡರ ಬೇರೂ ಮಣ್ಣಲ್ಲೇ ಇರುತ್ತವೆ.

ಕಳೆದ ವಾರ ಇಂಡಿ ಕಡೆ ನೆಂಟರ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೊಂದು ಜಾಲಿ. ಅದರ ಬುಡದಲ್ಲಿ ಮೊಣಕಾಲೆತ್ತರದ ಬೇವಿನ ಸಸಿ, ಎಲೆ ಇನ್ನೂ ಕೆಂಪು ಕೆಂಪು. ಸುತ್ತ ಆಡು ಮೇಯ್ದು ನೆಲ ಬೋಳಾಗಿತ್ತು, ಮುಳ್ಳಿನ ಒಳಗಿದ್ದ ಆ ಸಸಿಗೆ ಮಾತ್ರ ಬಾಯಿ ಬಿದ್ದಿರಲಿಲ್ಲ. ಕಳೆ ತೆಗೆಯುತ್ತಿದ್ದ ಅಜ್ಜಿ ನಾನು ನಿಂತು ನೋಡುವುದನ್ನು ಕಂಡು, "ಜಾಲಿ ಉಡ್ಯಾಗ ಬೇವು ಬೆಳದೈತಿ ನೋಡ ಯವ್ವಾ" ಅಂದರು.

ಉಡಿ! ಅಲ್ಲಿಂದ 'ಉಡಿಗಿಡ' ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಕಡೆ ಉಡಿ ತುಂಬದ ಮನೆಯೇ ಇಲ್ಲ, ಮಕ್ಕಳಿಗೆ ಬಿಡಿಸಿ ಹೇಳುವುದೇ ಬೇಡ. ದೊಡ್ಡ ಮರಕ್ಕೂ ನಾವು ಗಿಡ ಅಂತಲೇ ಅನ್ನುವುದರಿಂದ ಅದೂ ಸರಿಹೋಗುತ್ತದೆ.

ಎರಡು ಅನುಮಾನ ಇವೆ. ಮೈಸೂರು, ಮಂಗಳೂರು ಕಡೆಯ ನಿಮಗೆ ಉಡಿ ಅಂದರೆ ಮಡಿಲು ಅಂತ ತಟ್ಟನೆ ಹೊಳೆಯುತ್ತದಾ, ಅಥವಾ 'ಮಡಿಲುಗಿಡ' ಅನ್ನುವುದೇ ವಾಸಿಯಾ? ಇನ್ನೊಂದು, ಕಳ್ಳಿ ಬಲಿತ ಮೇಲೆ ಅಗಲಕ್ಕೆ ಬೇರು ಹರಡಿ ಮಳೆನೀರನ್ನೆಲ್ಲ ತಾನೇ ಹೀರಿಕೊಂಡು, ಕೆಲವು ಸಲ ಕಾಯ್ದ ಮರವೇ ಒಣಗುತ್ತದೆ. ಆಗಲೂ ಈ ಪದ ನಿಲ್ಲುತ್ತದೆ ಅಂತ ನನ್ನ ಅನಿಸಿಕೆ. ನಿಮ್ಮೂರಲ್ಲಿ ಇಂಥ ಗಿಡಕ್ಕೆ ರೈತರು ಬಳಸುವ ಹೆಸರೇನಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನು ಕಟ್ಟಿದ್ದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.