ಮೇ 22ಕ್ಕೆ ಮಗಳ ಹುಟ್ಟುಹಬ್ಬ, ಅದೇ ದಿನ ಅತ್ತೆಯ ತಮ್ಮನ ನೆನಪು. ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತಲ್ಲ, 158 ಜನ ಹೋದರು, ಉಳಿದದ್ದು 8 ಮಂದಿ. ಹೋದವರಲ್ಲಿ ನಮ್ಮ ಅತ್ತೆಯ ತಮ್ಮನೂ ಒಬ್ಬರು. ಅತ್ತೆ ಇವತ್ತಿಗೂ ಆ ದಿನ ಬೆಳಗ್ಗೆ 6 ಗಂಟೆಗೆ ದೀಪ ಹಚ್ಚಿ, ಒಂದು ಲೋಟ ಕಾಫಿ ಇಟ್ಟು ಸುಮ್ನೆ ಕೂರುತ್ತಾರೆ. ಸಕ್ಕರೆ ಜಾಸ್ತಿ ಹಾಕಿದ ಕಾಫಿ, ಅವರಿಗೆ ಹಾಗೇ ಬೇಕಿತ್ತಂತೆ.

ನನ್ನ ಮಗಳು ಹುಟ್ಟಿದ್ದೂ ಮೇ 22ಕ್ಕೇ. ಈ ಸಲ 9 ತುಂಬುತ್ತದೆ.

ಇಷ್ಟು ವರ್ಷ ಕೇಕನ್ನು ಭಾನುವಾರಕ್ಕೆ ತಳ್ಳಿದೆವು. 'ಅಜ್ಜಿಗೆ ತಲೆನೋವು' ಎಂದು ಸುಳ್ಳೂ ಹೇಳಿದ್ದಾಯಿತು. ಅತ್ತೆಯನ್ನೇ ಕೇಳಿದರೆ, 'ಮಗುವಿನ ಹಬ್ಬ, ನೀವು ಮಾಡಿ' ಎನ್ನುತ್ತಾರೆ. ಕೇಕ್ ಬಂದ ತಕ್ಷಣ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. (ನನ್ನ ಗಂಡನಂತೂ ಈ ವಿಷಯ ತೆಗೆದರೆ ಪೇಪರ್ ಹಿಡಿದು ಕೂರುತ್ತಾರೆ.)

ಮೊನ್ನೆ ಮಗಳು ಕೇಳಿದಳು, 'ಅಜ್ಜಿಗೆ ನಾನು ಹುಟ್ಟಿದ್ದು ಇಷ್ಟ ಇಲ್ವಾ?' ನನಗೆ ಬಾಯಿಯೇ ಬರಲಿಲ್ಲ.

ನಿಜ ಹೇಳಿಬಿಡೋಣ ಎಂದರೆ ಇನ್ನೊಂದು ತೊಡಕು. ಜೂನ್‌ನಲ್ಲಿ ನಾವು ಅದೇ ಬಜ್ಪೆಯಿಂದ ವಿಮಾನ ಹತ್ತಬೇಕು, ಅವಳಿಗೆ ಮೊದಲ ಸಲ. ಹೆದರಿಬಿಟ್ಟರೆ?

ಮನೆಯಲ್ಲಿ ಇಂಥ ದಿನ ಇರುವವರು ದಯವಿಟ್ಟು ಹೇಳಿ. 9 ವರ್ಷದ ಮಗುವಿಗೆ ಈಗಲೇ ಹೇಳಬೇಕಾ, ಪ್ರಯಾಣ ಮುಗಿದ ಮೇಲಾ? ಆ ಬೆಳಗ್ಗೆ ದೀಪದ ಹತ್ತಿರ ಅಜ್ಜಿಯ ಪಕ್ಕ ಅವಳನ್ನೂ ಕೂರಿಸಿದರೆ ಸರಿಯಾಗುತ್ತದಾ?